ರುದ್ರಭೂಮಿಯ ದಾಸವಾಳ

ನನ್ನ ಗಂಡ ಶಿವರುದ್ರಪ್ಪನವರು ಬದುಕಿದ್ದಷ್ಟು ದಿನ ನನಗೆ ಒಂದು ಮೊಳ ಹೂವು ತಂದುಕೊಟ್ಟವರಲ್ಲ. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಸಂಜೆ ಮನೆಗೆ ಬರುವಾಗ ಕೈಯಲ್ಲಿ ಟಿಫನ್ ಕ್ಯಾರಿಯರ್, ಮುಖದಲ್ಲಿ ಸುಸ್ತು, ಅಷ್ಟೇ. "ಹೂವು ನಾಳೆಗೆ ಬಾಡೋಗ್ತದೆ ಕಣೆ, ಬಾಳೆಹಣ್ಣಾದ್ರೆ ಹೊಟ್ಟೆಗಾಯ್ತದೆ" ಅನ್ನುವ ಪೈಕಿ. ನಾನೂ ಹೂವಿಗಾಗಿ ಮುನಿಸಿಕೊಂಡು ಕೂರುವವಳಲ್ಲ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ ರಿಟೈರ್ ಆದವಳು. ನನ್ನ ಕತ್ತಿನಲ್ಲಿ ಇಷ್ಟಲಿಂಗದ ಕರಡಿಗೆಯ ಜೊತೆಗೆ ಒಂದು ಸೀಟಿಯೂ ನೇತಾಡುತ್ತಿತ್ತು. ಪುಟ್ಟಬಸಮ್ಮ ಮೇಡಂ ಬಂದರು ಅಂದರೆ ಮೈದಾನದ ಆ ತುದಿಯಲ್ಲಿದ್ದವರೂ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

ಅಂಥ ಮನುಷ್ಯ ಹೋದ ಮೇಲೆ ನನಗೆ ದಿನಾ ಬೆಳಿಗ್ಗೆ ಹೂವು ಕೊಡಲು ಶುರುಮಾಡಿದರು. ನಗಬೇಡಿ. ಅದರಿಂದ ಎದ್ದ ರಂಪಕ್ಕೆ ವಿದ್ಯಾರಣ್ಯಪುರಂನ ನಮ್ಮ ಬೀದಿಯೇ ಸಾಕ್ಷಿ.

ಅವರು ತೀರಿಕೊಂಡದ್ದು ಆಷಾಢದಲ್ಲಿ. ಜಿಟಿಜಿಟಿ ಮಳೆ ಹಿಡಿದಿತ್ತು. ನಾವು ಲಿಂಗಾಯತರು, ಸುಡುವವರಲ್ಲ. ಸತ್ತವರನ್ನು ಕೂರಿಸಿ, ಅವರ ಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು ಮಣ್ಣು ಮಾಡುತ್ತೇವೆ. ನಮ್ಮ ಜನರ ರುದ್ರಭೂಮಿಯಲ್ಲಿ ಅವರಿಗೂ ಹಾಗೇ ಆಯಿತು. ಮಣ್ಣು ಮುಚ್ಚಿದ ಮೇಲೆ ಗುರುತಿಗೆಂದು ನಾಲ್ಕು ಮೂಲೆಗೆ ನಾಲ್ಕು ಕಡ್ಡಿ ನೆಟ್ಟು ದಾರ ಸುತ್ತಬೇಕಿತ್ತು. ಯಾರೋ ಬೇಲಿಯ ದಾಸವಾಳದಿಂದ ಹೆಬ್ಬೆರಳು ಗಾತ್ರದ ಹಸಿ ಕೊಂಬೆಗಳನ್ನು ಕಡಿದು ತಂದು ಚುಚ್ಚಿದರು. ಶಿವಗಣಾರಾಧನೆ ಎಲ್ಲ ಮುಗಿದು, ಬಂದ ನೆಂಟರೆಲ್ಲ ಊರು ಸೇರಿದ ಮೇಲೆ ನಾನೊಬ್ಬಳೇ ಒಂದು ದಿನ ಅಲ್ಲಿಗೆ ಹೋದೆ. ಮೂರು ಕಡ್ಡಿ ಒಣಗಿ ಸೌದೆಯಾಗಿದ್ದವು. ಮೂಡಲ ಮೂಲೆಯದು ಮಾತ್ರ ಎರಡು ಎಲೆ ಬಿಟ್ಟುಕೊಂಡು ನಿಂತಿತ್ತು.

ನಾನು ಅಲ್ಲೇ ಒದ್ದೆ ಮಣ್ಣಿನ ಮೇಲೆ ಕೂತುಬಿಟ್ಟೆ. ಮನೆಯಲ್ಲಿ ಅವರ ಕನ್ನಡಕ, ಅವರ ಚಪ್ಪಲಿ, ಗೋಡೆಗೆ ಹಾಕಿಸಿದ ಫೋಟೋ, ಯಾವುದೂ ನನಗೆ ಸಮಾಧಾನ ಕೊಟ್ಟಿರಲಿಲ್ಲ. ಆ ಎರಡು ಎಲೆ ಕೊಟ್ಟವು. ಬೆಳಿಗ್ಗೆ ಏಳುವುದಕ್ಕೆ ನನಗೊಂದು ಕಾರಣ ಸಿಕ್ಕಿತು.

ದಾಸವಾಳ ಅಂದರೆ ಜನಕ್ಕೆ ಸಸಾರ. ಕಡ್ಡಿ ಚುಚ್ಚಿದರೆ ಬರುತ್ತದೆ ಅನ್ನುತ್ತಾರೆ. ಬರುತ್ತದೆ ಸರಿ, ಉಳಿಯಬೇಕಲ್ಲ! ಅಲ್ಲಿಯದು ಗಟ್ಟಿ ಗರಸು ಮಣ್ಣು. ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೆ ಮೊಗ್ಗೆಲ್ಲ ಉದುರಿ ಬುಡದಲ್ಲಿ ಬಿದ್ದಿರುತ್ತವೆ. ಪ್ರೀತಿ ಉಕ್ಕಿ ಹೆಚ್ಚಿಗೆ ಸುರಿದರೆ ಎಲೆ ಹಳದಿ ತಿರುಗುತ್ತದೆ. ನಾನು ಸ್ಕೂಟಿಯಲ್ಲಿ ನೀರಿನ ಕ್ಯಾನು ಇಟ್ಟುಕೊಂಡು ದಿನಾ ಹೋಗುತ್ತಿದ್ದೆ. ಕಡಲೆಕಾಯಿ ಹಿಂಡಿ ನೆನೆಸಿ ಹಾಕಿದೆ, ಈರುಳ್ಳಿ ಸಿಪ್ಪೆ ಕೊಳೆಸಿದ ನೀರು ಹಾಕಿದೆ. ಒಮ್ಮೆ ಕೊಂಬೆಯ ಮೇಲೆ ಇರುವೆ ಸಾಲು ಕಂಡಿತು. ಇರುವೆ ಸುಮ್ಮನೆ ಹತ್ತುವುದಿಲ್ಲ, ಚಿಗುರಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಹುಳ ಕೂತಿತ್ತು. ಬೇವಿನೆಣ್ಣೆಗೆ ಸೋಪಿನ ನೀರು ಕದಡಿ, ಹಳೆಯ ಟೂತ್‌ಬ್ರಷ್ಷಿನಲ್ಲಿ ಕೊಂಬೆ ಕೊಂಬೆಯನ್ನೂ ಉಜ್ಜಿದೆ. ಗಿಡ ಸೊಂಟದೆತ್ತರ ಬಂದಾಗ ತುದಿಗಳನ್ನೆಲ್ಲ ದಯೆ ದಾಕ್ಷಿಣ್ಯವಿಲ್ಲದೆ ಕತ್ತರಿಸಿಹಾಕಿದೆ. ತುದಿ ಕತ್ತರಿಸದ ದಾಸವಾಳ ಉಂಡಾಡಿಯ ಹಾಗೆ ಮೇಲಕ್ಕೆ ಬೆಳೆಯುತ್ತದೆಯೇ ಹೊರತು ಕವಲೊಡೆದು ಹೂ ಬಿಡುವುದಿಲ್ಲ. ನಾನು ಹೀಗೆ ಕತ್ತರಿ ಆಡಿಸುವಾಗ, ಮಣ್ಣೊಳಗಿದ್ದವರಿಗೆ ಮನೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದೆ. ಬದುಕಿದ್ದಾಗ ಅವರು ಅಷ್ಟು ಹೊತ್ತು ಕೂತು ಕೇಳಿದವರೇ ಅಲ್ಲ.

ಮೊದಲ ಹೂವು ಬಿಟ್ಟದ್ದು ಒಂದು ಸೋಮವಾರ. ಕಡುಕೆಂಪು, ಒಂಟಿ ಎಸಳಿನದು, ಅಂಗೈಗಿಂತ ಅಗಲ. ಮನೆಗೆ ತಂದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಎಡ ಅಂಗೈಯ ಮೇಲಿಟ್ಟು ಆ ಹೂವನ್ನೇ ಏರಿಸಿದೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಹೇಳತೀರದು. ಗಂಡ ಸತ್ತವಳಿಗೆ ಸಂತೋಷ ಅಂತ ಬಾಯಿಬಿಟ್ಟು ಹೇಳಲು ನಾಚಿಕೆಯಾಗುವುದಿಲ್ಲವೇ ಅಂತ ಕೇಳಿದರೆ, ಇಲ್ಲ, ಆಗುವುದಿಲ್ಲ.

ಆಮೇಲೆ ಗಿಡ ಎರಡು ಕೈಗೂ ಹಿಡಿಯದಷ್ಟು ಹೂವು ಬಿಡತೊಡಗಿತು. ದಾಸವಾಳ ಒಂದು ದಿನದ ಹೂವು, ಕೂಡಿಡಲು ಬರುವುದಿಲ್ಲ. ನನ್ನ ಅಂಗೈ ಲಿಂಗಕ್ಕೆ ಒಂದು ಸಾಕು. ಉಳಿದದ್ದನ್ನು ಬುಟ್ಟಿಯಲ್ಲಿ ತಂದು ಬೀದಿಗೆ ಹಂಚಿದೆ. ಪಕ್ಕದ ಮನೆ ಸಾಕಮ್ಮನಿಗೆ ಅವರ ಚಾಮುಂಡಿ ಫೋಟೋಕ್ಕೆ ಕೆಂಪು ದಾಸವಾಳ ಅಂದರೆ ಪ್ರಾಣ. ಹಿಂದಿನ ಬೀದಿಯಲ್ಲಿ ನನ್ನ ಮೈದುನ ಸಿದ್ದಲಿಂಗಸ್ವಾಮಿಯ ಮನೆ. ಅವನ ಹೆಂಡತಿ, ನನ್ನ ಓರಗಿತ್ತಿ ಧರಣಿ, "ಅಕ್ಕ, ನನಗೆರಡು ಇರಲಿ" ಅಂತ ಗೇಟಿಗೇ ಬಂದು ನಿಲ್ಲುತ್ತಿದ್ದಳು. ಅವರ ಮನೆಯಿಂದ ಅದೇ ಹೂವು ಮಠದ ಸೋಮವಾರದ ಪೂಜೆಗೂ ಹೋಗುತ್ತಿತ್ತು. "ಏನ್ ಗೊಬ್ಬರ ಹಾಕ್ತೀರಿ ಮೇಡಂ, ತಟ್ಟೆಯಂಗವೆ ಹೂವ!" ಅಂತ ಎಲ್ಲರೂ ಕೇಳುವವರೇ. ಹಿಂಡಿ, ಈರುಳ್ಳಿ ಸಿಪ್ಪೆ ಅಂತ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಗಿಡ ಎಲ್ಲಿದೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆ.

ಒಂದು ಶುಕ್ರವಾರ ಬೆಳಿಗ್ಗೆ ನಾನು ಬುಟ್ಟಿ ಹಿಡಿದು ರುದ್ರಭೂಮಿಯ ಗೇಟಿನಿಂದ ಹೊರಗೆ ಬರುವುದಕ್ಕೂ, ಸಾಕಮ್ಮ ಕೂತಿದ್ದ ಆಟೋ ಆ ರಸ್ತೆಯಲ್ಲಿ ಬರುವುದಕ್ಕೂ ಸರಿಹೋಯಿತು. ಆಟೋ ನಿಲ್ಲಿಸಿಯೇ ಬಿಟ್ಟರು.

"ಟೀಚರಮ್ಮ, ಇದ್ಯಾಕವ್ವ ಇಲ್ಲಿಂದ ಬತ್ತಾ ಇದ್ದೀರಿ? ಆ ಹೂವ ಎಲ್ಲೀವು?"

"ನಮ್ಮನೆಯವರ ಸಮಾಧಿ ಮೇಲಿನವು ಸಾಕಮ್ಮ."

"ಇಷ್ಟ್ ದಿನ ನಂಗ್ ಕೊಟ್ಟಿದ್ದು?"

"ಇವೇ."

"ಅಯ್ಯೋ ನನ್ ತಾಯೀ! ಹೆಣ ಹೂತಿರೋ ಜಾಗದ್ ಹೂವ ತಂದು ಚಾಮುಂಡವ್ವನ್ ತಲೆ ಮ್ಯಾಲೆ ಮಡಗುಸ್ಬುಟ್ರಲ್ಲ! ಎಂಗಾರ ಮನ್ಸು ಬಂತು ನಿಮ್ಗೆ?"

"ಆಯಮ್ಮ ಇಷ್ಟ್ ದಿನ ಬೇಡ ಅಂದ್ಲಾ?" ಅಂತ ಕೇಳಿದೆ. ಸಾಕಮ್ಮ ಕಿವಿ ಮುಚ್ಚಿಕೊಂಡು ಆಟೋದವನಿಗೆ ಬೇಗ ಹೊರಡು ಅಂದರು.

ಅವತ್ತು ಸಂಜೆಯೊಳಗೆ ಬೀದಿಯ ದೇವರ ಮನೆಗಳನ್ನೆಲ್ಲ ತೊಳೆದರು. ಒಬ್ಬರು ಗಂಜಲ ತಂದರು, ಒಬ್ಬರು ಅರಿಶಿನದ ನೀರು ಚಿಮುಕಿಸಿದರು. ನನ್ನ ಸ್ಕೂಟಿಯ ಸದ್ದು ಕೇಳಿದರೆ ಗೇಟು ಹಾಕಿಕೊಳ್ಳತೊಡಗಿದರು. ಸಾಕಮ್ಮನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ದೇವರು, ಅವರ ನೇಮ. ನನಗೆ ಮೈ ಉರಿದದ್ದು ನಮ್ಮವರ ಮಾತಿಗೆ.

ಮಾರನೆಯ ದಿನವೇ ಸಿದ್ದಲಿಂಗಸ್ವಾಮಿ ಬಂದ. ಅವನು ರುದ್ರಭೂಮಿ ಕಮಿಟಿಯ ಕಾರ್ಯದರ್ಶಿ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಇನ್ನೂ ಚಡ್ಡಿ ಹಾಕಿಕೊಂಡು ಗೋಲಿ ಆಡುತ್ತಿದ್ದ, ಈಗ ಇಸ್ತ್ರಿ ಮಾಡಿದ ಬಿಳಿ ಷರಟಿಲ್ಲದೆ ಹೊರಗೆ ಕಾಲಿಡುವುದಿಲ್ಲ. ಹಿಂದೆ ಧರಣಿ ಬಂದು ಬಾಗಿಲ ಪಕ್ಕ ನಿಂತಳು. ಗಂಡ ಮಾತಾಡುವ ಕಡೆ ಅವಳು ಮಾತಾಡಿದ್ದನ್ನು ನಾನು ಕಂಡವಳಲ್ಲ.

"ಅತ್ತಿಗೆ, ಮಠದ ಪೂಜೆಗೂ ಅದೇ ಹೂವಾ ಹೋಗಿದ್ದು?"

"ಹೌದಪ್ಪ. ದೊಡ್ಡ ಹೂವು ಅಂತ ನೀನೇ ಮುಂದ್ಗಡೆ ಇಟ್ಟೆ ಅಂತ ಧರಣಿ ಹೇಳಿದ್ಲು."

ಅವನ ಮುಖ ಹುಳಿ ಹುಳಿಯಾಯಿತು. "ಎಂಥಾ ಕೆಲಸ ಮಾಡ್ಬುಟ್ರಿ ಅತ್ತಿಗೆ! ನಾಕ್ ಜನ ನಮ್ ಮನೆತನದ ಬಗ್ಗೆ ಏನಂದ್ಕೊಂಡಾರು? ಸಾವಿನ ಜಾಗದ್ದು ಮೈಲಿಗೆ ಅನ್ನೋದು ಸಣ್ ಮಕ್ಕಳಿಗೂ ಗೊತ್ತು."

"ಮೈಲಿಗೆನಾ? ಪ್ರತಿ ಬಸವ ಜಯಂತಿಗೂ ಮೈಕ್ ಹಿಡ್ಕೊಂಡು, ನಮಗೆ ಸೂತಕ ಇಲ್ಲ, ಹುಟ್ಟಿದ್ ಸೂತಕ ಇಲ್ಲ, ಸತ್ತ ಸೂತಕ ಇಲ್ಲ ಅಂತ ಕೂಗೋನು ಯಾರಪ್ಪಾ? ನೀನೇ ತಾನೆ?"

"ಅದು ತತ್ವ ಅತ್ತಿಗೆ. ಇದು ವ್ಯವಹಾರ."

"ನಿಮ್ಮಣ್ಣ ಹೋದಾಗ ಲಿಂಗೈಕ್ಯರಾದರು ಅಂತ ಕಾರ್ಡ್ ಹೊಡೆಸಿದ್ಯಲ್ಲ, ಅದು ತತ್ವನೋ ವ್ಯವಹಾರನೋ?"

ಅವನು ಸೋಫಾದಿಂದ ಎದ್ದ, ಮತ್ತೆ ಕೂತ. ಕೊನೆಗೆ ದನಿ ತಗ್ಗಿಸಿ ರಾಜಿಗೆ ಬಂದ. ಕಮಿಟಿಯವರು ಗಿಡವನ್ನು ಬುಡಸಮೇತ ಕೀಳಿಸಬೇಕು ಅನ್ನುತ್ತಿದ್ದಾರೆ, ಬೇರು ಹೋಗಿ ಪಕ್ಕದ ಸಮಾಧಿಗಳ ಕಲ್ಲು ಸೀಳುತ್ತದೆ ಅನ್ನುವುದೂ ಒಂದು ನೆಪ. ಆದರೆ ಅವನು ಮನಸ್ಸು ಮಾಡಿದರೆ ಉಳಿಸಬಲ್ಲ. ನಾನು ಮಾಡಬೇಕಾದದ್ದು ಇಷ್ಟೇ. ಸೋಮವಾರದ ಪೂಜೆಗೆ ಬಂದು ಎಲ್ಲರ ಮುಂದೆ "ತಿಳೀದೆ ತಪ್ಪಾಯ್ತು" ಅನ್ನಬೇಕು. ಇನ್ನು ಮೇಲೆ ಹೂವನ್ನು ಮುಟ್ಟಬಾರದು, ಅಲ್ಲೇ ಬಿಟ್ಟು ಅಲ್ಲೇ ಉದುರಲಿ.

ಸುಲಭದ ದಾರಿ. ಒಂದು ಮಾತು ಅಂದರೆ ಗಿಡ ಉಳಿಯುತ್ತಿತ್ತು. ನನಗೂ ಒಂದು ಗಳಿಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಆ ಮಾತನ್ನು ಬಾಯೊಳಗೇ ಹೇಳಿ ನೋಡಿಕೊಂಡೆ. ಆ ಹೂವು ಮೈಲಿಗೆ ಅಂದರೆ ಅದು ಬೇರು ಬಿಟ್ಟ ಮಣ್ಣು ಮೈಲಿಗೆ. ಮಣ್ಣು ಮೈಲಿಗೆ ಅಂದರೆ ಅದರೊಳಗೆ ಲಿಂಗ ಹಿಡಿದು ಕೂತವರು ಮೈಲಿಗೆ. ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಚಾಪೆಯಲ್ಲಿ ಮಲಗಿ ಬಾಳಿದ ಗಂಡಸನ್ನು ನಾನು ಮಠದಲ್ಲಿ ನಿಂತು ಮೈಲಿಗೆ ಅನ್ನಬೇಕೇ?

"ಆಗಲ್ಲ ಸಿದ್ದಲಿಂಗಸ್ವಾಮಿ" ಅಂದೆ. "ತಪ್ಪು ಮಾಡಿದ್ರೆ ತಾನೆ ತಪ್ಪಾಯ್ತು ಅನ್ನೋದು?"

"ಹಂಗಾದ್ರೆ ನಾಳೆ ಬಿಟ್ಟು ಮುಂದಿನ್ ಭಾನುವಾರ ಗಿಡ ತೆಗೆಸ್ತೀವಿ. ಆಮೇಲೆ ನನ್ ಮೇಲೆ ಬೇಜಾರ್ ಮಾಡ್ಕೋಬೇಡಿ."

"ಅದು ನಿಮ್ಮಣ್ಣನ ಮೈಮೇಲಿರೋ ಗಿಡ ಕಣೋ."

"ಅಣ್ಣನ ಮರ್ಯಾದೆ ಉಳಿಸೋಕೇ ತೆಗೆಸ್ತಿರೋದು" ಅಂದು ಮೆಟ್ಟಿಲಿಳಿದ. ಧರಣಿ ಟೀಪಾಯಿಯ ಮೇಲಿದ್ದ ನನ್ನ ಖಾಲಿ ಬುಟ್ಟಿಯನ್ನು ಒಂದು ಸಲ ನೋಡಿ, ಗಂಡನ ಹಿಂದೆ ಹೊರಟಳು.

ವಾಟ್ಸಾಪಿನಲ್ಲಿ ಕಮಿಟಿಯ ಗುಂಪಿಗೆ ಸುದ್ದಿ ಬಿತ್ತು. ಅದು ಯಾದವಗಿರಿಯಲ್ಲಿರುವ ನನ್ನ ಮಗಳು ಐಶ್ವರ್ಯಳನ್ನೂ ಮುಟ್ಟಿ ಅವಳು ಫೋನು ಮಾಡಿದಳು.

"ಅಮ್ಮಾ, ಈ ವಯಸ್ಸಲ್ಲಿ ಯಾಕ್ ಬೇಕು ಈ ಜಗಳ? ನರ್ಸರಿಯಿಂದ ಒಳ್ಳೆ ಹೈಬ್ರಿಡ್ ದಾಸವಾಳ ತಂದ್ಕೊಡ್ತೀನಿ. ಹಳದಿ, ಕೇಸರಿ, ಯಾವ್ ಬಣ್ಣ ಬೇಕಾದ್ರೂ ಇದೆ. ಟೆರೇಸ್ ಮೇಲೆ ಇಟ್ಕೋ."

"ನಿಮ್ಮಪ್ಪನ್ನೂ ನರ್ಸರಿಯಿಂದ ತಂದ್ಕೊಡ್ತೀಯಾ?" ಅಂತ ಕೇಳಿದೆ. ಅವಳು ಅತ್ತುಬಿಟ್ಟಳು. ಅಷ್ಟು ಕಟುವಾಗಿ ಅನ್ನಬಾರದಿತ್ತು, ಆದರೆ ಅಂದದ್ದು ಸುಳ್ಳಲ್ಲ.

ಭಾನುವಾರಕ್ಕೆ ಏನು ಮಾಡುವುದು ಅಂತ ವಾರವೆಲ್ಲ ತಲೆ ಕೆಡಿಸಿಕೊಂಡೆ. ಗೇಟಿಗೆ ಬೀಗ ಜಡಿಯಲೇ? ಬೀಗ ಒಡೆಯುತ್ತಾರೆ. ಗಿಡವನ್ನು ತಬ್ಬಿಕೊಂಡು ನಿಲ್ಲಲೇ? ಕಮಿಟಿಯ ಹೆಂಗಸರನ್ನು ಕರೆಸಿ ಎಳೆದು ಕೂರಿಸುತ್ತಾರೆ, ನೋಡುವವರಿಗೆ ತಮಾಷೆ. ಬಾಯಿ ಜೋರು ಮಾಡಬಹುದು, ಅದು ನನಗೆ ಕರಗತ. ಆದರೆ ಗಂಡಸರು ಇರುವ ಕಡೆ ಹೆಂಗಸಿನ ಬಾಯಿ ಜೋರಾದಷ್ಟೂ ಅವರ ಕೆಲಸ ಬೇಗ ಮುಗಿಯುತ್ತದೆ. ಶನಿವಾರ ಬೆಳಿಗ್ಗೆ ಮನೆಯಲ್ಲಿ ಪೂಜೆಗೆ ಕೂತಿದ್ದಾಗ ಗ್ಯಾಸ್ ಸಿಲಿಂಡರ್‌ನವನು ಬಂದು ಬೆಲ್ ಮಾಡಿದ. ಕಿಟಕಿಯಿಂದ ನನ್ನ ಅಂಗೈಯಲ್ಲಿ ಲಿಂಗ ಇರುವುದನ್ನು ಕಂಡು, ತುಟಿಪಿಟಕ್ಕೆನ್ನದೆ ಜಗಲಿಯ ಮೇಲೆ ಕಾದು ಕೂತ. ಅವನು ನಮ್ಮ ಪೈಕಿಯವನೂ ಅಲ್ಲ. ಅವನನ್ನು ನೋಡಿದಾಗ ನನಗೆ ದಾರಿ ಹೊಳೆಯಿತು. ಲಿಂಗ ಅಂಗೈಯಲ್ಲಿದ್ದಾಗ ನಮ್ಮವರು ಯಾರೂ ಆ ಮನುಷ್ಯನನ್ನು ಮುಟ್ಟುವುದಿಲ್ಲ, ಮಾತಾಡಿಸುವುದಿಲ್ಲ, ಏಳು ಅನ್ನುವುದಿಲ್ಲ. ಮನೆಗೆ ಸ್ವಾಮಿಗಳೇ ಬಂದರೂ ಪೂಜೆ ಮುಗಿಯುವವರೆಗೆ ಕಾಯುತ್ತಾರೆ. ಇಂಥ ಕಡೆಯೇ ಕೂತು ಪೂಜೆ ಮಾಡಬೇಕು ಅಂತ ಎಲ್ಲೂ ಹೇಳಿಲ್ಲ, ಇಷ್ಟೇ ಹೊತ್ತಿಗೆ ಮುಗಿಸಬೇಕು ಅಂತಲೂ ಹೇಳಿಲ್ಲ.

ಭಾನುವಾರ ಬೆಳಕು ಹರಿಯುತ್ತಲೇ ಸ್ನಾನ ಮಾಡಿ ಹೊರಟೆ. ಮೊದಲು ಗಿಡಕ್ಕೆ ನೀರು ಹಾಕಿದೆ. ಅವತ್ತು ಗಿಡ ತುಂಬ ಹೂವಿತ್ತು. ಸಮಾಧಿಯ ಮುಂದೆ, ಗಿಡದ ಬುಡಕ್ಕೆ ಬೆನ್ನು ಕೊಟ್ಟು ಚಾಪೆ ಹಾಸಿದೆ. ಯಾರಾದರೂ ಬುಡಕ್ಕೆ ಮಚ್ಚು ಹಾಕಬೇಕೆಂದರೆ ನನ್ನನ್ನು ಎಬ್ಬಿಸದೆ ಆಗಬಾರದು, ಹಾಗೆ. ವಿಭೂತಿ, ಪತ್ರೆ, ಗಿಡದಿಂದ ಕಿತ್ತ ಹೂವು, ಚೊಂಬಿನಲ್ಲಿ ನೀರು ಇಟ್ಟುಕೊಂಡು ಕೂತೆ. ಗೇಟಿನ ಹತ್ತಿರ ಕಾರಿನ ಬಾಗಿಲು ಬಡಿದ ಸದ್ದಾದ ಕೂಡಲೇ ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ತಂದುಕೊಂಡೆ.

ದೃಷ್ಟಿ ಲಿಂಗದ ಮೇಲೇ ಇರಬೇಕು. ಹಾಗಾಗಿ ಅವತ್ತಿನದನ್ನೆಲ್ಲ ನಾನು ಕಣ್ಣಿನಿಂದ ನೋಡಲಿಲ್ಲ, ಕಿವಿಯಿಂದ ಕೇಳಿದೆ. ಬೂಟಿನ ಸದ್ದು, ಚಪ್ಪಲಿಯ ಸದ್ದು ಹತ್ತಿರ ಬಂದವು. ಹಾರೆ, ಗುದ್ದಲಿ ನೆಲಕ್ಕೆ ಬಿದ್ದವು. ಆಮೇಲೆ ಎಲ್ಲರೂ ನಿಂತರು.

"ಇದೇನ್ರೀ, ಪೂಜೆಗೆ ಕೂತ್ಬುಟ್ಟವ್ರೆ" ಅಂತ ಯಾರೋ ಹಿರಿಯರ ದನಿ.

"ಮುಗಿಯೋವರ್ಗೂ ಕಾಯಾಣ. ಎಷ್ಟೊತ್ತಾದಾತು" ಅಂದ ಸಿದ್ದಲಿಂಗಸ್ವಾಮಿ.

ನಾನು ನೀರು ಹನಿಸಿದೆ. ವಿಭೂತಿ ಇಟ್ಟೆ. ಪತ್ರೆ ಇಟ್ಟೆ. ಒಂದು ಹೂವು ಏರಿಸಿದೆ, ಬೇಕೆಂದೇ ನಿಧಾನವಾಗಿ, ಎಲ್ಲರಿಗೂ ಕಾಣುವಂತೆ. ಯಾರೋ ಗಂಟಲು ಸರಿಮಾಡಿಕೊಂಡರು. ಮತ್ತೆ ಮೊದಲಿನಿಂದ ನೀರು ಹನಿಸಿದೆ.

ಬಿಸಿಲೇರಿತು. ನನ್ನ ಎಡಗೈ ಮರಗಟ್ಟಿತು, ಕಾಲು ಜೋಮು ಹಿಡಿಯಿತು. ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸಿ ಕವಾಯತು ಮಾಡಿಸಿದವಳು ನಾನು, ಮೊದಲ ಸಲ ನನ್ನ ಮೈಗೇ ಹೇಳಿಕೊಂಡೆ, ಅಲ್ಲಾಡಬೇಡ ಅಂತ. ಕಮಿಟಿಯವರಲ್ಲಿ ಗುಜುಗುಜು ಶುರುವಾಯಿತು. "ಹಿಂದ್ಗಡೆಯಿಂದ ಬುಡ ಕಡಿಯೋಕಾಗಲ್ವೇನಯ್ಯ ಚೆಲುವರಾಜು?" ಅಂತ ಒಬ್ಬರು ಕೇಳಿದರು. ಗಿಡ ಕಡಿಯಲು ಬಂದ ಚೆಲುವರಾಜು, "ಕೊಂಬೆ ಅವರ್ ಕೈ ಮ್ಯಾಲೆ ಬಿದ್ರೆ? ದೇವ್ರ್ ಹಿಡ್ಕಂಡವ್ರೆ ಸಾಮಿ, ನನ್ ಕೈಲಾಗಾಕಿಲ್ಲ" ಅಂದ.

ಸಿದ್ದಲಿಂಗಸ್ವಾಮಿ ಫೋನು ಮಾಡಿದ್ದು ಕೇಳಿಸಿತು. "ಧರಣಿ, ಒಂದ್ ಆಟೋ ಹಿಡಿದು ಬೇಗ ಬಾ. ಅತ್ತಿಗೆನ ಎಬ್ಬಿಸ್ಬೇಕು. ಹೆಂಗಸ್ರು ಹೆಂಗಸ್ರು, ನೀನ್ ಹೇಳಿದ್ರೆ ಕೇಳ್ತಾರೆ."

ಇಷ್ಟು ಹೊತ್ತು ನನಗೆ ಭಯವಿರಲಿಲ್ಲ. ಧರಣಿಯನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವಳು ಬಂದು ಭುಜ ಮುಟ್ಟಿ "ಅಕ್ಕ, ಸಾಕು ಏಳಿ" ಅಂದರೆ ನಾನು ಮುರಿದುಬೀಳುತ್ತೇನೆ ಅನ್ನುವುದು ನನಗೆ ಗೊತ್ತಿತ್ತು. ಅವಳು ನಾನು ಕೈಯಾರೆ ಕೊಟ್ಟ ಹೂವನ್ನು ಎದೆಗೊತ್ತಿಕೊಂಡು ಹೋಗುತ್ತಿದ್ದವಳು. ಅವಳೂ ಬೇಡ ಅಂದಮೇಲೆ ನಾನು ಯಾರ ಮುಂದೆ ಹಠ ಹಿಡಿಯಲಿ?

ಆಟೋ ನಿಂತಿತು. ಬಳೆಯ ಸದ್ದು ಹತ್ತಿರ ಬಂತು. "ಹೋಗು, ಮೆಲ್ಲಗೆ ಎಬ್ಬಿಸು" ಅಂದ ಅವಳ ಗಂಡ. ಬಳೆಯ ಸದ್ದು ನನ್ನ ಪಕ್ಕದಲ್ಲೇ ಬಂದು ನಿಂತಿತು. ನಾನು ಲಿಂಗದ ಮೇಲಿನ ಕಣ್ಣು ತೆಗೆಯಲಿಲ್ಲ. ಭುಜದ ಮೇಲೆ ಕೈ ಬೀಳುವುದನ್ನು ಕಾದೆ.

ಕೈ ಬೀಳಲಿಲ್ಲ. ನನ್ನ ಚೊಂಬಿನಿಂದ ನೀರು ಬಗ್ಗಿಸಿಕೊಂಡು ಯಾರೋ ಕೈ ತೊಳೆದುಕೊಂಡ ಸದ್ದಾಯಿತು. ಚಾಪೆಯ ಅಂಚು ಸರಿಯಿತು. ನನ್ನ ವಿಭೂತಿಯ ಗಟ್ಟಿಯನ್ನು ಒಂದು ಕೈ ತೆಗೆದುಕೊಂಡಿತು. ಆಮೇಲೆ ಇನ್ನೊಂದು ಕರಡಿಗೆಯ ಮುಚ್ಚಳ ತೆರೆದ ಸದ್ದು.

"ಧರಣೀ! ಏನ್ ಮಾಡ್ತಾ ಇದೀಯಾ?" ಸಿದ್ದಲಿಂಗಸ್ವಾಮಿಯ ದನಿ ಒಡೆದಿತ್ತು. "ನಿನ್ನೇ ಕೇಳ್ತಿರೋದು!"

ಉತ್ತರ 'ಚಟ್' ಅಂತ ನನ್ನ ತಲೆಯ ಮೇಲಿಂದ ಬಂತು, ತೊಟ್ಟು ಮುರಿದ ಸದ್ದು. ಕಣ್ಣಂಚಿನಲ್ಲಿ ಕೆಂಪಗೆ ಒಂದು ಹೂವು ಕೆಳಗಿಳಿದು ಇನ್ನೊಂದು ಅಂಗೈಯ ಮೇಲೆ ಕೂತದ್ದು ಕಂಡಿತು. ಅಷ್ಟೂ ಜನ ಗಂಡಸರು ನೋಡುತ್ತಿದ್ದರು. ನನ್ನ ಕಣ್ಣಿನಿಂದ ನೀರು ಇಳಿದು ಗದ್ದದಿಂದ ಸೆರಗಿಗೆ ತೊಟ್ಟಿಕ್ಕಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಎಷ್ಟೋ ಹೊತ್ತು ಹಾಗೇ ಕೂತೆವು. ಒಬ್ಬ ಹಿರಿಯರು ಮೊದಲು ಹೋದರು, ಊಟದ ಹೊತ್ತಾಯಿತು ಅಂತ. ಆಮೇಲೆ ಇನ್ನಿಬ್ಬರು. ಚೆಲುವರಾಜು ಹಾರೆ, ಗುದ್ದಲಿ ಎತ್ತಿ ಹೆಗಲಿಗೇರಿಸಿಕೊಂಡ. ಕೊನೆಗೆ ಉಳಿದದ್ದು ಸಿದ್ದಲಿಂಗಸ್ವಾಮಿ ಒಬ್ಬನೇ. ಅವನು ತನ್ನ ಅಣ್ಣನ ಸಮಾಧಿಯ ಮುಂದೆ ನಿಂತು ಉಸಿರು ಬಿಡುವುದು ನನಗೆ ಕೇಳಿಸುತ್ತಿತ್ತು.

"ಆಯ್ತು. ನಾಳೆ ಬೆಳಿಗ್ಗೆ ಬರ್ತೀವಿ" ಅಂದ ಅವನು. "ನಾಳೆ ಯಾರ್ ಕೂತಿರ್ತೀರೋ ನೋಡ್ತೀನಿ."

ಧರಣಿ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಗೆ ಇಳಿಸಿದಳು. ಅವಸರ ಮಾಡಲಿಲ್ಲ. ಮುಚ್ಚಳ ಹಾಕಿ, ಶಿವದಾರ ಸರಿಮಾಡಿಕೊಂಡು, ಗಂಡನ ಮುಖ ನೋಡಿದಳು.

"ನಾಳೆನೂ ಪೂಜೆ ಅದೆ ಕಣ್ರೀ" ಅಂದಳು. "ನೀವೂ ಸ್ನಾನ ಮಾಡ್ಕೊಂಡೇ ಬನ್ನಿ."